ಹಿಂದೆ ಕೂರೋರೂ ಟೈರ್ ನೋಡ್ಬೇಕು

ಹೋದ ಸಲ ಶೇಂಗಾ ಹೋಳಿಗೆ ಬಗ್ಗೆ ಬರೆದಿದ್ದಕ್ಕೆ ನಮ್ಮ ಓರಗಿತ್ತಿ ಫೋನ್ ಮಾಡಿ, "ಅಕ್ಕ, ಬರೀ ಅಡುಗೇನೇ ಆಯ್ತಲ್ಲ, ಬ್ಯಾರೆ ಏನಾರ ಬರಿ" ಅಂದ್ಲು. ಹಂಗಾದ್ರೆ ತಗಳ್ರವ್ವ, ಈ ಸಲ ಬೈಕಿನ ಟೈರು, ಶಾಕಪ್ಸರ್ ಬಗ್ಗೆ ಬರೀತೀನಿ. ನಗಬ್ಯಾಡ್ರಿ. ಓದಿ ಮುಗಿಸಿದ ಮ್ಯಾಲೆ ನಿಮ್ಮ ಮನೆ ಗಾಡಿ ಹತ್ರ ಹೋಗಿ ಒಂದ್ಸಲ ಬಗ್ಗಿ ನೋಡ್ತೀರಿ, ಅಷ್ಟು ಮಾತ್ರ ಗ್ಯಾರಂಟಿ.

ನಮ್ಮ ಚಳ್ಳಕೆರೆ ಕಡೆ ಹೆಂಗಸರು ಎಷ್ಟು ಸಲ ಬೈಕಿನ ಹಿಂದೆ ಕೂತ್ಕಂತೀವಿ ಅಂತ ಎಣಿಸಿ ನೋಡ್ರಿ. ಸಂತೆಗೆ, ಆಸ್ಪತ್ರೆಗೆ, ತವರಿಗೆ, ಮದುವೆಗೆ, ಗೌರಸಮುದ್ರದ ಮಾರಮ್ಮನ ಜಾತ್ರೆಗೆ, ನಾಯಕನಹಟ್ಟಿ ತೇರಿಗೆ. ತೊಡೆ ಮ್ಯಾಲೆ ಒಂದು ಚೀಲ, ನಡುವೆ ಮೊಮ್ಮಗು, ಕಾಲು ಒಂದೇ ಕಡೆ, ಒಂದು ಕೈ ಸೆರಗಿಗೆ, ಒಂದು ಕೈ ಹಿಂದಿನ ಕಂಬಿಗೆ. ಆದ್ರೆ ಟೈರ್ ಯಾವಾಗ ಬದಲಾಯಿಸ್ಬೇಕು, ಎಂಥದ್ದು ಹಾಕಿಸ್ಬೇಕು, ಗಾಳಿ ಎಷ್ಟಿರ್ಬೇಕು ಅನ್ನೋದನ್ನ ನಮ್ಮನ್ನ ಯಾರೂ ಕೇಳಲ್ಲ. ನಾವೂ ಅದು ಗಂಡಸರ ಬಾಬ್ತು ಅಂತ ಸುಮ್ನಿರ್ತೀವಿ. ಸೊಂಟ ಮಾತ್ರ ನಮ್ದು.

ಹಿಂದೆ ಕೂತೋರಿಗೆ ಪೆಟ್ಟು ಜಾಸ್ತಿ ಬೀಳೋದು ನಮ್ಮ ಮೈ ಮೆತ್ತಗೈತೆ ಅಂತ ಅಲ್ಲ. ಕೆಂಪು ಬಸ್ಸಿನಾಗೆ ಕೊನೇ ಸೀಟಿನಾಗೆ ಕೂತ್ರೆ ಹೆಂಗೆ ಎಗರಿ ಎಗರಿ ಬೀಳ್ತೀವಿ, ನಡುವಿನ ಸೀಟಿನಾಗೆ ಅಷ್ಟು ಗೊತ್ತಾಗಲ್ಲ ಅಲ್ವಾ? ಬೈಕಿನಾಗೂ ಹಂಗೇ. ಓಡಿಸೋರು ಎರಡು ಚಕ್ರದ ನಡುವೆ ಕೂತಿರ್ತಾರೆ, ನಾವು ಹಿಂದಿನ ಚಕ್ರದ ನೆತ್ತಿ ಹತ್ರ ಕೂತಿರ್ತೀವಿ. ಹಂಪಿನಾಗೆ ಚಕ್ರ ಎದ್ದರೆ ನೇರ ನಮ್ಮ ಬೆನ್ನುಮೂಳೆಗೇ ಬಡಿಯುತ್ತೆ.

ಇಷ್ಟೆಲ್ಲ ನಾನು ತಲೆಗೆ ಹಚ್ಕಂಡಿದ್ದು ನಮ್ಮ ತಂಗಿ ಬಿದ್ದ ಮ್ಯಾಲೆ. ಅವಳು ಮೊಳಕಾಲ್ಮುರಿನಾಗೆ ಇರೋದು, ರೇಷ್ಮೆ ಸೀರೆ ನೇಯ್ತಾಳೆ. ಎರಡು ವರ್ಷದ ಹಿಂದೆ ನಮ್ಮ ಸಂಬಂಧಿಕರ ಮನೆ ಸೀಮಂತಕ್ಕೆ ಗಂಡ ಹೆಂಡ್ತಿ ಬೈಕಿನಾಗೆ ಬಂದಿದ್ರು. ಮುಂಗಾರಿನ ಮೊದಲನೇ ಮಳೆ ಆವಾಗಷ್ಟೇ ಹನಿದು ನಿಂತಿತ್ತು. ವಾಪಸ್ ಹೋಗುವಾಗ ತಳಕು ದಾಟಿದ ಮ್ಯಾಲೆ ಎದುರಿಗೆ ಒಂದು ಕುರಿ ಅಡ್ಡ ಬಂತು. ಬ್ರೇಕ್ ಹಿಡಿದ ತಕ್ಷಣ ಹಿಂದಿನ ಚಕ್ರ ಪಕ್ಕಕ್ಕೆ ಜಾರಿ ಇಬ್ರೂ ಬಿದ್ರು. ಅವರಿಗೆ ಮೊಣಕಾಲು ತರಚಿತು ಅಷ್ಟೆ. ಇವಳು ಹೆಲ್ಮೆಟ್ ಹಾಕಿದ್ಲು, ತಲೆಗೆ ಏನೂ ಆಗ್ಲಿಲ್ಲ. ಆದ್ರೆ ಎಡಗೈ ಊರಿದ್ದಕ್ಕೆ ಮಣಿಕಟ್ಟು ಮುರೀತು.

ನೇಯೋರ ಕೈ ಮುರಿದ್ರೆ ಏನಾಗುತ್ತೆ ಅಂತ ಮೊಳಕಾಲ್ಮುರಿನೋರಿಗೆ ನಾನು ಹೇಳ್ಬೇಕಾಗಿಲ್ಲ. ಒಂದು ಕೈ ಲಾಳಿಗೆ, ಒಂದು ಕೈ ಹಲಗೆಗೆ ಬೇಕೇ ಬೇಕು. ಪಟ್ಟು ಹಾಕಿ ಆರು ವಾರ, ಆಮೇಲೆ ಬೆರಳು ಮಡಚೋಕೆ ಇನ್ನೂ ಆರು ವಾರ. ಮಗ್ಗದ ಮ್ಯಾಲೆ ಅರ್ಧ ನೇಯ್ದ ಸೀರೆ ಹಂಗೇ ಬಟ್ಟೆ ಮುಚ್ಕಂಡು ಕೂತಿತ್ತು. ನಾನು ಹೋದಾಗೆಲ್ಲ ಅವಳು ನನ್ನ ಮುಖ ನೋಡ್ತಿರ್ಲಿಲ್ಲ, ಆ ಮಗ್ಗ ನೋಡ್ತಿದ್ಲು.

ಎಲ್ರೂ "ಮಳೆ ಕಣಮ್ಮ, ಗ್ರಹಚಾರ" ಅಂದ್ರು. ಮಳೆ ಹೌದು. ಬ್ಯಾಸಿಗೆ ಪೂರ್ತಿ ರಸ್ತೆ ಮ್ಯಾಲೆ ಬಿದ್ದ ಎಣ್ಣೆ, ಧೂಳು ಎಲ್ಲ ಮೊದಲನೇ ಹನಿಗೆ ಎದ್ದು ಲೋಳೆ ಆಗುತ್ತೆ, ಜೋರು ಮಳೆ ಬಂದು ತೊಳೆಯೋ ತನಕ ಅದೇ ಜಾಸ್ತಿ ಜಾರೋದು. ಆದ್ರೆ ಗಾಡಿ ರಿಪೇರಿಗೆ ಬಿಟ್ಟಾಗ ಪಂಕ್ಚರ್ ಅಂಗಡಿಯೋರು ಚಕ್ರ ಬಿಚ್ಚಿ ನನ್ನ ಮುಂದೆ ಉರುಳಿಸಿದ್ರು. ಟೈರಿನ ಎರಡೂ ಪಕ್ಕ ಗೀರು ಚೆನ್ನಾಗೇ ಇದ್ವು. ನಟ್ಟನಡುವೆ ಮಾತ್ರ ನಾಲ್ಕು ಬೆರಳಗಲ ಕಾಲುದಾರಿ ಹಂಗೆ ನುಣ್ಣಗಿತ್ತು. ಬಳ್ಳಾರಿ ರಸ್ತೆ ನೆಟ್ಟಗಿರೋದ್ರಿಂದ ನಮ್ಮ ಕಡೆ ಗಾಡಿಗಳ ಟೈರು ನಡುವೇ ಸವೆಯೋದು. ನಿಲ್ಲಿಸಿದಾಗ ಪಕ್ಕದಿಂದ ನೋಡಿದ್ರೆ "ಇನ್ನೂ ಐತೆ" ಅನ್ಸುತ್ತೆ. ನಡುವಿನ ಭಾಗ ಮಡ್‌ಗಾರ್ಡ್ ಕೆಳಗೆ ಅಡಗಿರುತ್ತೆ. ಅದಕ್ಕೆ ಕಣ್ಣಿಂದ ನೋಡಬ್ಯಾಡ್ರಿ, ಕೈ ಆಡಿಸಿ ನೋಡ್ರಿ.

ಗೀರು ಯಾತಕ್ಕೆ ಬೇಕು ಅಂದ್ರೆ, ಸವೆದ ಹವಾಯಿ ಚಪ್ಪಲಿ ಹಾಕ್ಕಂಡು ಬಚ್ಚಲಿಗೆ ಹೋದ್ರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಒಣ ನೆಲದ ಮ್ಯಾಲೆ ಅದೇ ಚಪ್ಪಲಿ ಏನೂ ತೊಂದ್ರೆ ಕೊಡಲ್ಲ. ನೀರಿದ್ರೆ ಮಾತ್ರ ಆ ನೀರು ಸರಿಯೋಕೆ ಕಾಲುವೆ ಬೇಕು. ಟೈರಿನ ಗೀರು ಅಂದ್ರೆ ಆ ಕಾಲುವೆ. ಎಷ್ಟು ಸವೆದ್ರೆ ಸಾಕು ಅಂತ ಕಂಪನಿಯೋರೇ ಗುರುತು ಇಟ್ಟಿರ್ತಾರೆ. ಟೈರಿನ ಪಕ್ಕದಾಗೆ ಸಣ್ಣ ಮುಕ್ಕೋಣ, ಇಲ್ಲಾ ಟಿ.ಡಬ್ಲ್ಯೂ.ಐ. ಅನ್ನೋ ಇಂಗ್ಲಿಷ್ ಅಕ್ಷರ ಇರ್ತಾವೆ. ಅಲ್ಲಿಂದ ನೇರ ಮ್ಯಾಲಕ್ಕೆ ಹೋದ್ರೆ ಗೀರಿನ ಒಳಗೆ ಒಂದು ಪುಟ್ಟ ದಿಬ್ಬ ಸಿಗುತ್ತೆ. ಮ್ಯಾಲಿನ ರಬ್ಬರು ಸವೆದು ಆ ದಿಬ್ಬದ ಸಮಕ್ಕೆ ಬಂತು ಅಂದ್ರೆ ಟೈರಿನ ಕಥೆ ಮುಗೀತು. ಅದಕ್ಕಿಂತ ಮುಂಚೇನೇ, ಮುಂಗಾರು ಶುರುವಾಗೋ ಮುಂದೆ ಬದಲಾಯಿಸಿಬಿಟ್ರೆ ಇನ್ನೂ ಒಳ್ಳೇದು.

ಗೀರು ಇದ್ರೂ ಸಾಲದು, ವಯಸ್ಸೂ ನೋಡ್ಬೇಕು. ಕುಕ್ಕರ್ ಗ್ಯಾಸ್ಕೆಟ್ ಹಳೇದಾದ್ರೆ ಬಿರುಸಾಗಿ ಬಿರುಕು ಬಿಡಲ್ವಾ, ಟೈರಿನ ರಬ್ಬರೂ ಅದೇ ಜಾತಿ. ಅದ್ರಾಗೂ ನಮ್ಮೂರ ಬಿಸಿಲು ಗೊತ್ತಲ್ಲ, ಏಪ್ರಿಲ್ ತಿಂಗಳಾಗೆ ಗಾಡಿ ಹೊರಗೆ ನಿಲ್ಲಿಸಿದ್ರೆ ಸೀಟು ಮುಟ್ಟಂಗಿಲ್ಲ. ಟೈರಿನ ಪಕ್ಕದಾಗೆ ಒಂದು ಮೊಟ್ಟೆ ಆಕಾರದ ಗೆರೆ ಒಳಗೆ ನಾಲ್ಕು ಅಂಕಿ ಒತ್ತಿರ್ತಾರೆ. 1423 ಅಂತ ಇದ್ರೆ 2023ನೇ ಇಸವಿಯ 14ನೇ ವಾರದಾಗೆ ಮಾಡಿದ್ದು ಅಂತ ಅರ್ಥ. ನಮ್ಮ ತಂಗಿ ಮನೆ ಗಾಡಿ ಟೈರಿನ ವಯಸ್ಸು ಲೆಕ್ಕ ಹಾಕಿದ್ರೆ ಎಂಟು ವರ್ಷ ಆಗಿತ್ತು. ಹಾಲಿನ ಪಾಕೀಟಿನ ತಾರೀಕು ನೋಡಿ ತರೋರು ನಾವು, ಟೈರಿನ ತಾರೀಕು ನೋಡೋಕೆ ಏನು ಕಷ್ಟ? ಅಂಗಡಿಯಾಗೆ ಹೊಸದು ಅಂತ ಕೊಡೋದ್ರ ತಾರೀಕೂ ನೋಡ್ರಿ. ಮೂಲೆಯಾಗೆ ಮೂರ್ನಾಲ್ಕು ವರ್ಷ ಬಿದ್ದಿರೋದನ್ನ ಹೊಸ ರೇಟಿಗೆ ಕೊಟ್ರೆ "ಬ್ಯಾರೆ ತೋರ್ಸಪ್ಪ" ಅನ್ನಿ. ಐ.ಎಸ್.ಐ. ಗುರುತು ಇರ್ಲೇಬೇಕು.

ಹೊಸ ಟೈರ್ ಕೊಡಿಸೋಕೆ ನಾನೂ ಅವರ ಜೊತೆ ಅಂಗಡಿಗೆ ಹೋಗಿದ್ದೆ. ಅಲ್ಲಿ ಗೋಡೆ ಮ್ಯಾಲೆ ನೇತಾಕಿರೋ ಟೈರು ನೋಡಿದ್ರೆ ಸೀರೆ ಅಂಗಡಿ ಹಂಗೇ, ಯಾವುದು ತಗಳ್ಳೋದು ಅಂತ ತಲೆ ತಿರುಗುತ್ತೆ. ಆದ್ರೆ ಓದೋಕೆ ಬಂದ್ರೆ ಸುಲಭ. ಸ್ಪ್ಲೆಂಡರ್ ಥರದ ಗಾಡಿಗೆ 80/100-18 ಅಂತ ಇರುತ್ತೆ. 80 ಅಂದ್ರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕ. 100 ಅಂದ್ರೆ ಆ ಅಗಲಕ್ಕೆ ನೂರಕ್ಕೆ ನೂರರಷ್ಟು ಎತ್ತರ. 18 ಅಂದ್ರೆ ಒಳಗಿನ ರಿಮ್ಮು 18 ಇಂಚು. ಅದರ ಪಕ್ಕ 47ಪಿ, 54ಪಿ ಅಂತ ಇನ್ನೊಂದು ಇರುತ್ತೆ, ನಮಗೆ ಬೇಕಾಗಿರೋದು ಅದೇ. ಅದು ಭಾರದ ಲೆಕ್ಕ. 47 ಅಂದ್ರೆ ಆ ಟೈರು 175 ಕಿಲೋ ಹೊರುತ್ತೆ, 54 ಅಂದ್ರೆ 212 ಕಿಲೋ. ಪಿ ಅನ್ನೋದು ವೇಗದ ಗುರುತು, ಗಂಟೆಗೆ 150 ಕಿಲೋಮೀಟರ್, ಅದು ನಮಗೆ ಬ್ಯಾಡ. ಮುಂದಿಂದು, ಹಿಂದಿಂದು ಸೈಜ್ ಒಂದೇ ಅಂತ ಮುಂದಿನ 47ರ ಟೈರನ್ನ ಹಿಂದಕ್ಕೆ ಹಾಕೋರು ಅದಾರೆ. ಹಿಂದಿನ ಚಕ್ರದ ಮ್ಯಾಲೆ ಕೂರೋರು ನಾವು, ನಮ್ಮ ಜೊತೆಗೆ ಹತ್ತು ಕಿಲೋ ಶೇಂಗಾ ಚೀಲ ಬ್ಯಾರೆ. ಹಿಂದಕ್ಕೆ ಜಾಸ್ತಿ ಹೊರೋದೇ ಬೇಕು.

ಅಲ್ಲೇ ನಮ್ಮ ತಂಗಿ ಮಗ ತಗಾದೆ ತೆಗೆದ. "ದೊಡ್ಡಮ್ಮ, ಇನ್ನೊಂದು ಸೈಜ್ ದಪ್ಪದ್ದು ಹಾಕ್ಸಣ, ಗಾಡಿ ಲುಕ್ಕೇ ಬ್ಯಾರೆ ಬರುತ್ತೆ, ಹಿಡಿತಾನೂ ಜಾಸ್ತಿ" ಅಂದ. ಅಂಗಡಿಯೋರು ಒಳ್ಳೆಯೋರು, ಮಾರಿದ್ರೆ ಜಾಸ್ತಿ ದುಡ್ಡು ಬರ್ತಿತ್ತು, ಆದ್ರೂ ಬ್ಯಾಡ ಅಂದ್ರು. ಸಣ್ಣ ರಿಮ್ಮಿಗೆ ದಪ್ಪ ಟೈರ್ ತುರುಕಿದ್ರೆ ಅದು ಬಿಗಿ ರವಿಕೆ ತೋಳಿನ ಹಂಗೆ ಹಿಂಡ್ಕಂಡು, ನಡುವೆ ಗುಬ್ಬಿಯಾಗಿ ನೆಲಕ್ಕೆ ತಾಗೋ ಜಾಗ ಕಮ್ಮಿನೇ ಆಗ್ಬಹುದು. ಚೈನ್ ಕವರಿಗೋ ಮಡ್‌ಗಾರ್ಡಿಗೋ ಉಜ್ಜುತ್ತೆ, ಮೈಲೇಜೂ ಇಳಿಯುತ್ತೆ. ಪುಸ್ತಕದಾಗೆ ಬರೆದಿರೋ ಸೈಜೇ ಸರಿ. ಆ ಹುಡುಗ ಸಾರಿ ಗಾರ್ಡೂ ಬಿಚ್ಚಿಸ್ಬೇಕು ಅಂತಿದ್ದ. ಅದಕ್ಕೆ ನಾನೇ ಬಿಡಲಿಲ್ಲ. ಹಿಂದೆ ಕೂರೋರಿಗೆ ಹಿಡಿ, ಕಾಲು ಇಡೋಕೆ ಜಾಗ, ಬಟ್ಟೆ ಸಿಕ್ಕಂಗೆ ಅರ್ಧ ಚಕ್ರಕ್ಕೆ ಮರೆ ಇರ್ಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮದಾಗೇ ಐತೆ. ಅದು ಅಲಂಕಾರ ಅಲ್ಲಪ್ಪ, ನಿಮ್ಮಮ್ಮನ ಸೆರಗಿಗೆ ಅಂದೆ. ಸುಮ್ನಾದ.

ಇನ್ನು ಟ್ಯೂಬ್ ಇರೋದೋ, ಟ್ಯೂಬ್‌ಲೆಸ್ಸೋ? ನಮ್ಮ ಸೀಮೆಗೆ ಇದು ದೊಡ್ಡ ಪ್ರಶ್ನೆ, ಯಾಕಂದ್ರೆ ಎಲ್ಲಿ ನೋಡಿದ್ರೂ ಬಳ್ಳಾರಿ ಜಾಲಿ. ಸೌದೆಗೆ ಕಡಿದು ಸಾಗಿಸುವಾಗ ಉದುರಿದ ಮುಳ್ಳು ರಸ್ತೆ ತುಂಬ. ಟ್ಯೂಬಿಗೆ ಮುಳ್ಳು ನಾಟಿದ್ರೆ ಗಾಳಿ ಬೇಗ ಇಳಿದು ಗಾಡಿ ಅಲ್ಲೇ ಓಲಾಡುತ್ತೆ. ಟ್ಯೂಬ್‌ಲೆಸ್ ಆದ್ರೆ ಮುಳ್ಳು ಅಲ್ಲೇ ಕಚ್ಕಂಡಿರುತ್ತೆ, ಗಾಳಿ ನಿಧಾನಕ್ಕೆ ಇಳಿಯುತ್ತೆ, ಊರು ಸೇರೋಷ್ಟು ಟೈಮ್ ಸಿಗುತ್ತೆ. ಆದ್ರೆ ಅದಕ್ಕೆ ತಕ್ಕ ರಿಮ್ ಇರ್ಬೇಕು. ಕಡ್ಡಿ ಕಡ್ಡಿ ಇರೋ ಸ್ಪೋಕ್ ಚಕ್ರಕ್ಕೆ ಸಾಮಾನ್ಯವಾಗಿ ಟ್ಯೂಬೇ ಬೇಕು, ಅಲಾಯ್ ಚಕ್ರ ಇದ್ರೆ ಕೇಳಿ ನೋಡ್ರಿ. ಟೈರಿನ ಪಕ್ಕ ಒಂದು ಬಾಣದ ಗುರುತು ಇದ್ರೆ ಚಕ್ರ ಮುಂದಕ್ಕೆ ತಿರುಗೋ ದಿಕ್ಕಿಗೆ ಆ ಬಾಣ ಇರ್ಬೇಕು, ಹಾಕಿಸುವಾಗ ನಿಂತ್ಕಂಡು ನೋಡ್ರಿ. ಹೊಸ ಟೈರಿನ ಮ್ಯಾಲೆ ಅಚ್ಚಿನ ನುಣುಪು ಇರುತ್ತೆ. ಮೊದಲ ನೂರು ನೂರೈವತ್ತು ಕಿಲೋಮೀಟರ್ ತಿರುವಿನಾಗೆ, ಬ್ರೇಕಿನಾಗೆ ನಿಧಾನ.

ಟೈರಿಗೆ ದುಡ್ಡು ಬೇಕು, ಗಾಳಿಗೆ ಬ್ಯಾಡ. ಆದ್ರೂ ಜಾಸ್ತಿ ಜನ ನೋಡದೇ ಇರೋದು ಗಾಳೀನೇ. ಗಾಳಿ ತುಂಬೋ ಟೈರು ಹೆಂಗೆ ಹುಟ್ಟಿತು ಗೊತ್ತಾ? ಬೆಲ್‌ಫಾಸ್ಟ್ ಅನ್ನೋ ಊರಿನಾಗೆ ಜಾನ್ ಡನ್‌ಲಪ್ ಅಂತ ದನದ ಡಾಕ್ಟ್ರು ಇದ್ರು. ಅವರ ಮಗನ ಮೂರು ಚಕ್ರದ ಸೈಕಲ್ಲು ಕಲ್ಲು ಹಾಸಿನ ರಸ್ತೆ ಮ್ಯಾಲೆ ಕುಲುಕಾಡ್ತಿತ್ತು. ಮಗುವಿಗೆ ಸುಖ ಆಗ್ಲಿ ಅಂತ ಅವರು ರಬ್ಬರ್ ಕೊಳವೆ ಮಾಡಿ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದ್ರು. 1888ರಾಗೆ ಅದಕ್ಕೆ ಪೇಟೆಂಟ್ ತಗಂಡ್ರು. ಅಂದ್ರೆ ನೋಡ್ರಿ, ಟೈರಿಗೆ ಗಾಳಿ ತುಂಬಿದ್ದೇ ಕೂತೋರಿಗೆ ನೋವಾಗಬಾರ್ದು ಅಂತ.

ನಮ್ಮ ಮನೆ ಗಾಡಿ ಪುಸ್ತಕದಾಗೆ ಮುಂದಿನ ಚಕ್ರಕ್ಕೆ 25, ಹಿಂದಿನದಕ್ಕೆ ಒಬ್ರೇ ಇದ್ರೆ 28, ಇಬ್ರಾದ್ರೆ ಅದಕ್ಕಿಂತ ಜಾಸ್ತಿ ಅಂತ ಬರೆದೈತೆ. ನಿಮ್ಮ ಗಾಡೀದು ಬ್ಯಾರೆ ಇರ್ಬಹುದು, ಪುಸ್ತಕ ನೋಡ್ರಿ. "ಇಬ್ರಾದ್ರೆ" ಅನ್ನೋ ಆ ಸಾಲು ನಮ್ಮ ಸಲುವಾಗೇ ಬರೆದಿರೋದು. ಬಂಕಿನಾಗೆ ಗಾಳಿ ಹಾಕುವಾಗ ನಮ್ಮ ಮನೆಯವ್ರು ಯಾವಾಗ್ಲೂ ಒಬ್ರೇ ಹೋಗ್ತಾರೆ, ಹುಡುಗ ಒಬ್ರ ಲೆಕ್ಕಕ್ಕೇ ಹಾಕಿ ಕಳಿಸ್ತಾನೆ. ಆಮೇಲೆ ನಾನು ಹತ್ತಿ ಕೂತ್ರೆ ಟೈರು ಅರ್ಧ ಚಪ್ಪಟೆ. ಈಗ ನಾನು ಊರಿಗೆ ಹೋಗೋ ದಿನ ಇಬ್ರೂ ಹೋಗಿ ಇಬ್ರ ಲೆಕ್ಕಕ್ಕೇ ಹಾಕಿಸ್ತೀವಿ.

ನಮ್ಮ ಕಡೆ ಇನ್ನೊಂದು ಮಾತೈತೆ, ಬ್ಯಾಸಿಗೆಯಾಗೆ ಗಾಳಿ ಕಮ್ಮಿ ಇಡ್ಬೇಕು, ಇಲ್ದಿದ್ರೆ ಒಡೆಯುತ್ತೆ ಅಂತ. ಅದು ಉಲ್ಟಾ. ಒಂದು ತಂತಿನ ಹಿಂದಕ್ಕೂ ಮುಂದಕ್ಕೂ ಮಣಿಸ್ತಾ ಇದ್ರೆ ಮಡಿಚಿದ ಜಾಗ ಬಿಸಿ ಆಗುತ್ತಲ್ಲ, ಗಾಳಿ ಕಮ್ಮಿ ಇರೋ ಟೈರಿನ ಪಕ್ಕವೂ ಪ್ರತಿ ಸುತ್ತಿಗೂ ಹಂಗೇ ಮಡಿಚಿ ಬಿಚ್ಚಿ ಬಿಸಿ ಏರುತ್ತೆ. ಬಿಸಿಲು, ಭಾರ, ಕಮ್ಮಿ ಗಾಳಿ ಮೂರೂ ಸೇರಿದ್ರೇನೇ ಟೈರಿಗೆ ಕೇಡು. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಅಳತೆ ನೋಡಿಸ್ರಿ. ಓಡಿಸಿದ ಮ್ಯಾಲೆ ಅಳತೆ ಜಾಸ್ತಿ ತೋರಿಸುತ್ತೆ, ಅದನ್ನ ನೋಡಿ ಗಾಳಿ ಬಿಡಬ್ಯಾಡ್ರಿ.

ಈಗ ಶಾಕಪ್ಸರ್ ವಿಷಯ. ಹಿಂದಿನ ಚಕ್ರದ ಎರಡೂ ಪಕ್ಕ ಸ್ಪ್ರಿಂಗ್ ಸುತ್ತಿದ ಕೊಳವೆ ಇರ್ತಾವಲ್ಲ, ಅವು. ಅದರ ಬುಡದಾಗೆ ಮೆಟ್ಟಿಲು ಮೆಟ್ಟಿಲು ಕೊರೆದ ಒಂದು ಬಳೆ ಇರುತ್ತೆ. ನಮ್ಮ ಊರಾಗೆ ಜಾಸ್ತಿ ಓಡೋ ಸ್ಪ್ಲೆಂಡರ್‌ಗೆ ಇದು 5 ಮೆಟ್ಟಿಲು. ಕೊಕ್ಕೆ ಥರದ ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಬಳೆ ಮ್ಯಾಲಕ್ಕೆ ಏರಿ ಸ್ಪ್ರಿಂಗನ್ನ ಮೊದಲೇ ಒಂಚೂರು ಒತ್ತಿ ಇಡುತ್ತೆ. ಹಗ್ಗದ ಮಂಚ ಸಡಿಲಾದ್ರೆ ಏನು ಮಾಡ್ತೀವಿ, ಕಾಲ ಕಡೆ ಹಗ್ಗ ಎಳೆದು ಬಿಗೀತೀವಿ. ಹಗ್ಗ ಅದೇ, ಆದ್ರೆ ಕೂತಾಗ ನೆಲಕ್ಕೆ ತಾಗಲ್ಲ. ಇದೂ ಹಂಗೇ.

ಒಬ್ರೇ ಓಡಾಡೋಕೆ ಕೆಳಗಿನ ಮೆಟ್ಟಿಲು ಮೆತ್ತಗೆ, ಸುಖ. ಇಬ್ರು ಕೂತು ಚೀಲ ಇಟ್ರೆ ಅದೇ ಮೆಟ್ಟಿಲಿನಾಗೆ ಗಾಡಿ ಹಿಂದೆ ಕುಸಿದು ಕೂತ್ಕಂಡುಬಿಡುತ್ತೆ. ಸ್ಪ್ರಿಂಗಿಗೆ ಇನ್ನು ಕೆಳಗೆ ಹೋಗೋಕೆ ಜಾಗ ಇರಲ್ಲ, ಹಂಪು ಬಂದ್ರೆ "ದಡ್" ಅಂತ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತೆ. ನಮ್ಮ ಸೊಂಟಕ್ಕೆ ಬೀಳೋದು ಆ ದಡ್. ಅಷ್ಟೇ ಅಲ್ಲ, ಹಿಂದೆ ಕುಸಿದ್ರೆ ಮುಂದೆ ಏಳುತ್ತೆ. ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಹಿಡಿತ ಕಮ್ಮಿ ಆಗುತ್ತೆ, ಹೆಡ್‌ಲೈಟು ಎದುರಿಗೆ ಬರೋರ ಕಣ್ಣಿಗೆ ಹೊಡೆಯುತ್ತೆ. ರಾತ್ರಿ ಎದುರಿನ ಗಾಡಿಯೋರು ಸುಮ್ ಸುಮ್ನೆ ಲೈಟ್ ಮಿಣುಕಿಸ್ತಾರೆ ಅಂತ ನಿಮ್ಮ ಮನೆಯವ್ರು ಬೈತಿದ್ರೆ ಒಂದ್ಸಲ ಇದನ್ನ ನೋಡ್ಸಿ.

ನಮ್ಮ ಮನೆ ಅಂಗಳದಾಗೆ ಒಂದು ಭಾನುವಾರ ಇದನ್ನ ಅಳೆದೇ ನೋಡಿದ್ವಿ. ಗಾಡಿನ ದೊಡ್ಡ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತೂಗಾಡಂಗೆ ಮಾಡಿ, ಚಕ್ರದ ನಡುವಿನ ನಟ್ಟಿಂದ ಮ್ಯಾಲೆ ಸೀಟಿನ ಕೆಳಗೆ ಸೀಮೆಸುಣ್ಣದ ಗುರುತಿನ ತನಕ ನನ್ನ ರವಿಕೆ ಹೊಲಿಯೋ ಟೇಪಿನಾಗೆ ಅಳತೆ ತಗಂಡೆ. ಆಮೇಲೆ ಸ್ಟ್ಯಾಂಡ್ ತೆಗೆದು, ಮಗ ಹ್ಯಾಂಡಲ್ ಗಟ್ಟಿ ಹಿಡ್ಕಂಡ, ನಾವಿಬ್ರು ಚೀಲದ ಸಮೇತ ಕಾಲೆತ್ತಿ ಕೂತ್ವಿ, ಸೊಸೆ ಅಳೆದ್ಲು. ಕೆಳಗಿನ ಮೆಟ್ಟಿಲಿನಾಗೆ ಆರೂವರೆ ಸೆಂಟಿಮೀಟರ್ ಕುಸಿದಿತ್ತು. ನಾಲ್ಕನೇ ಮೆಟ್ಟಿಲಿಗೆ ಏರಿಸಿದ್ರೆ ಐದು. ಒಂದೂವರೆ ಸೆಂಟಿಮೀಟರ್ ಏನು ಮಹಾ ಅನ್ಸುತ್ತೆ, ಆದ್ರೆ ಹಂಪಿನ ಮ್ಯಾಲೆ ಅದೇ ನಮ್ಮ ಜಾಗ. ಮಾರನೇ ದಿನ ನಾಯಕನಹಟ್ಟಿಗೆ ಹೋಗಿ ಬಂದ್ವಿ. ದಡ್ ಅನ್ನೋದು ಒಂದ್ಸಲಾನೂ ಕೇಳ್ಲಿಲ್ಲ. ಐದನೇದಕ್ಕೆ ಏರಿಸಿ ನೋಡಿದ್ರೆ ಮಾತ್ರ ಸಣ್ಣ ಕಲ್ಲಿಗೂ ಎಗರಿಸ್ತಿತ್ತು, ಮತ್ತೆ ನಾಲ್ಕಕ್ಕೇ ಇಳಿಸಿದ್ವಿ. ಎರಡು ಪಕ್ಕವೂ ಒಂದೇ ಮೆಟ್ಟಿಲಿನಾಗೆ ಇರ್ಬೇಕು. ಒಂದು ಮೂರು, ಒಂದು ನಾಲ್ಕು ಅಂತ ಇದ್ರೆ ಒಂದೇ ಕಡೆ ಭಾರ ಬೀಳುತ್ತೆ. ತಿರುಗಿಸೋದು ಒಗ್ಗದಿದ್ರೆ ಮೆಕ್ಯಾನಿಕ್ಕಿಗೆ ಹೇಳ್ರಿ, ಐದು ನಿಮಿಷದ ಕೆಲಸ.

ಮೆಟ್ಟಿಲು ಏರಿಸಿದ್ರೂ ಗಾಡಿ ಕುಣೀತಾ ಇದ್ರೆ ಒಳಗಿನ ಎಣ್ಣೆ ಹೋಗೈತೆ ಅಂತ ಲೆಕ್ಕ. ಸ್ಪ್ರಿಂಗ್ ಒತ್ತಿ ಬಿಟ್ರೆ ಕುಣಿಯುತ್ತೆ, ಆ ಕುಣಿತ ನಿಲ್ಲಿಸೋದು ಕೊಳವೆ ಒಳಗಿನ ಎಣ್ಣೆ. ಸೀಟಿನ ಹಿಂಭಾಗ ಎರಡೂ ಕೈಯಿಂದ ಜೋರಾಗಿ ಒತ್ತಿ ಬಿಡ್ರಿ. ಒಂದ್ಸಲ ಮ್ಯಾಲೆದ್ದು ನಿಂತ್ರೆ ಸರಿ. ಜೋಕಾಲಿ ಹಂಗೆ ಎರಡು ಮೂರು ಸಲ ಆಡಿದ್ರೆ, ಇಲ್ಲಾ ಕೊಳವೆ ಮ್ಯಾಲೆ ಜಿಡ್ಡು, ಧೂಳು ಮೆತ್ಕಂಡಿದ್ರೆ ಬದಲಾಯಿಸ್ಬೇಕು, ಅದೂ ಜೋಡೀನೇ. ಮುಂದಿನ ಕೊಳವೆಗೆ ಬಿಳಿ ಬಟ್ಟೆ ಹಚ್ಚಿ ಒರೆಸಿ, ಬಳೆ ಆಕಾರದಾಗೆ ಎಣ್ಣೆ ಕಂಡ್ರೆ ಆಯಿಲ್ ಸೀಲ್ ಹೋಗೈತೆ. ಆ ಎಣ್ಣೆ ಜಾರಿ ಬ್ರೇಕಿಗೆ ಇಳಿದ್ರೆ ಏನಾಗುತ್ತೆ ಅಂತ ನೀವೇ ಯೋಚಿಸ್ರಿ.

ಇಷ್ಟೆಲ್ಲ ಮಾಡಿಬಿಟ್ರೆ ಬೀಳೋದೇ ಇಲ್ಲ ಅಂತ ನಾನು ಹೇಳಲ್ಲ. ಸುಗ್ಗಿ ಬಂದ್ರೆ ರಸ್ತೆ ಮ್ಯಾಲೆ ಹುರುಳಿ, ರಾಗಿ ಹಾಸಿರ್ತಾರೆ, ಅದರ ಮ್ಯಾಲೆ ಎಂಥ ಹೊಸ ಟೈರೂ ಜಾರುತ್ತೆ, ಅಲ್ಲಿ ನಿಧಾನವೇ ಮದ್ದು. ನಮ್ಮ ತಂಗಿ ಕೈ ಕೂಡೈತೆ, ಮಗ್ಗ ಮತ್ತೆ ನಡೀತೈತೆ. ಆದ್ರೆ ಚಳಿಗಾಲದಾಗೆ ಈಗ್ಲೂ ಸಂಜೆ ಆದ್ರೆ ಮಣಿಕಟ್ಟು ಹಿಡ್ಕಂತೈತಂತೆ, ಮೊದಲು ನೇಯ್ತಿದ್ದಷ್ಟು ಒಂದು ದಿನಕ್ಕೆ ಆಗಲ್ಲ. ಹೊಸ ಹಿಂದಿನ ಟೈರಿಗೆ ನಾವು ಕೊಟ್ಟಿದ್ದು ಎರಡು ಸಾವಿರದ ಒಳಗೆ. ಮೂರು ತಿಂಗಳು ಮಗ್ಗ ನಿಂತಿದ್ದಕ್ಕೆ ಎಷ್ಟಾಯ್ತು ಅಂತ ಅವಳು ಲೆಕ್ಕ ಹಾಕಿದಾಳೆ, ನನಗೂ ಹೇಳಿಲ್ಲ.

ನಾವು ಅಮಾವಾಸ್ಯೆಗೆ ಅಮಾವಾಸ್ಯೆಗೆ ಗಾಡಿ ತೊಳೆದು, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡೋರು. ಇದಕ್ಕೆ ಬ್ಯಾರೆ ದಿನ ಹುಡುಕಬ್ಯಾಡ್ರಿ. ಅವತ್ತೇ ಗೀರಿನಾಗೆ ಬೆರಳು ಆಡಿಸಿ, ಮುಳ್ಳು ನಾಟೈತಾ ನೋಡಿ, ತಾರೀಕು ಓದಿ, ಸೀಟು ಒತ್ತಿ ಬಿಡ್ರಿ. ಕುಂಕುಮ ಹಚ್ಚೋಷ್ಟೇ ಹೊತ್ತು ಸಾಕು. ಆಮೇಲೆ ಮನೆಯವ್ರನ್ನ ಕರೆದು, "ರೀ, ಮುಂದಿನ ಸಲ ಬಂಕಿಗೆ ಹೋಗುವಾಗ ಇಬ್ರ ಲೆಕ್ಕಕ್ಕೆ ಗಾಳಿ ಹಾಕಿಸ್ಕಂಡು ಬರ್ರಿ" ಅನ್ನಿ. ಯಾಕೆ ಅಂತ ಕೇಳಿದ್ರೆ ಇದನ್ನ ಓದೋಕೆ ಕೊಡ್ರಿ.